ಕುಮಗಾಯಿ ಮನೆ ಬಿಟ್ಟು

ಮಾರ್ಚ್ ನಾಲ್ಕು, ಬೆಳಿಗ್ಗೆ ಹನ್ನೊಂದೂ ನಲವತ್ತು. ಬಡಾವಣೆಯ ಸುತ್ತೋಲೆ ಹಲಗೆ ಕುಮಗಾಯಿ ತೊಕುಜಿಯ ಮನೆಯನ್ನು ದಾಟಿ ಹೋಗಿತ್ತು.

ದಿಬ್ಬದ ಮೇಲಿನ ಹನ್ನೆರಡು ಮನೆಯವರೂ ಆ ಹಲಗೆ ಬಂದಾಗ ಓದಿ, ತಮ್ಮ ಮನೆಯ ಚೌಕದಲ್ಲಿ ಹೆಸರಿನ ಮೊಹರು ಒತ್ತಿ, ಪಕ್ಕದ ಮನೆಗೆ ಕೊಡಬೇಕು. ಈ ಸಲ ಅದರಲ್ಲಿದ್ದುದು ವಿಜ್ಞಾನ ಓದುಗರ ಗುಂಪಿನ ಪುಸ್ತಕಗಳ ಪಟ್ಟಿ. ಬೇಕಾದುದರ ಮುಂದೆ ಸುತ್ತು ಹಾಕಬೇಕಿತ್ತು. ಕಾಗದ ಬಂದಿದೆಯೇ ನೋಡಲು ಹೊರಬಂದ ತೊಕುಜಿಗೆ ಹಲಗೆ ಏಳನೇ ಮನೆಯ ಬಾಗಿಲಲ್ಲಿ ನೇತಾಡುವುದು ಕಂಡಿತು. ಅವನದು ಆರನೇ ಮನೆ. ಹಲಗೆಯನ್ನು ಒಳಗೆ ತಂದು, ಗುಂಪು ನಡೆಸುವ ಓಯಿಕಾವಾ ಹಿಸಾಕೊಗೆ ಫೋನ್ ಮಾಡಿದ. ಇಬ್ಬರೂ ಮೂರನೇ ತರಗತಿಯಿಂದ ಸಹಪಾಠಿಗಳು. ಫೋನ್ ಎತ್ತಿದ್ದು ಅವಳ ಗಂಡ.

"ಹಲೋ... ಯಾರು ಮಾತಾಡ್ತಿರೋದು?... ಓ, ನೀವಾ. ನಾನು ಕುಮಗಾಯಿ. ನಿಮ್ಮ ಮನೆಯವರನ್ನ ಕರೀರಿ... ಮೂಲಂಗಿ ಹೆಚ್ತಿದ್ದಾಳಾ? ಹೆಚ್ಚೋದು ನಿಲ್ಲಿಸಿ ಬರಲಿ."

...

"ಹಾಂ, ಹಿಸಾಕೊ. ಹಲಗೆ ನನ್ನ ತೊಡೆ ಮೇಲಿದೆ... ಯಾವ ಹಲಗೆ ಅಂತ ಕೇಳಬೇಡ."

...

"ಪಕ್ಕದವರು ಮರೆತಿರಬೇಕು ಅಂತೀಯಾ? ಆರನೇ ಚೌಕದ ಮೇಲೆ ಹಳದಿ ಚೀಟಿ ಇದೆಯಲ್ಲ. 'ಕುಮಗಾಯಿ ಮನೆ ಬಿಟ್ಟು ಮುಂದೆ ಕೊಡಿ.' ಅಕ್ಷರ ನಿನ್ನದು. ಐವತ್ತೇಳು ವರ್ಷದಿಂದ ನೋಡ್ತಿದ್ದೀನಿ, ಅಲ್ವಾ?"

...

"ಪಟ್ಟೀಲಿ ಬೆಕ್ಕಿನ ನಿದ್ದೆಯದ್ದಿದೆ, ಅಣಬೆಯದ್ದಿದೆ, ಚಂದ್ರನದ್ದಿದೆ. ನಾನು ಹೇಳಿದ್ದು ಎಲ್ಲಿ?... ಹಾಂ, ಸುನಾಮಿ ಪುಸ್ತಕ. ಇನ್ಯಾವುದು?"

...

"ಎಲ್ಲರೂ ಸೇರಿ ತೀರ್ಮಾನ ಮಾಡಿದ್ರಾ? ನಾನಿಲ್ಲದೆ ಎಲ್ಲರೂ ಹೇಗಾಯ್ತು?... ಎಂಟು ಜನ. ಸರಿ. ಎಂಟು ಜನ ಕೂತು, ತೊಕುಜಿಗೆ ನೋವಾಗುತ್ತೆ ಅಂತ ಕೈಯೆತ್ತಿದ್ರಾ? ತೊಕುಜೀನ ಕೇಳೋಕೆ ಒಬ್ಬರಿಗೂ ಬಾಯಿ ಬರಲಿಲ್ವಾ?"

...

"ಹನ್ನೊಂದನೇ ತಾರೀಕು ಹತ್ತಿರ ಬಂತು ಅಂತ ನೀನು ನನಗೆ ಹೇಳಬೇಕಾ? ಪ್ರತಿ ವರ್ಷ ಈ ವಾರ ನನ್ನ ಮುಂದೆ ಎಲ್ಲರದ್ದೂ ಹವಾಮಾನದ ಮಾತೇ. ಪ್ಲಮ್ ಹೂ ಬಿಡ್ತು, ಚಳಿ ಇಳೀತು. ಚಿಯೊಮಿ ಹೆಸರು ಮಾತ್ರ ಯಾರೂ ಎತ್ತಲ್ಲ. ಈಗ ನನ್ನ ಮನೇನೂ ದಾಟಿಕೊಂಡು ಹೋಗ್ತೀರಿ."

ಚಿಯೊಮಿ ಅವನ ಹೆಂಡತಿ. ಹದಿನಾಲ್ಕು ವರ್ಷದ ಹಿಂದೆ, ಮಾರ್ಚ್ ಹನ್ನೊಂದರ ಸುನಾಮಿಯಲ್ಲಿ, ಸಮುದ್ರ ಅವಳನ್ನು ಒಯ್ದಿತ್ತು.

"ಒಬ್ಬನೇ ಓದ್ಕೋ ಅಂತೀಯಾ?... ಪುಸ್ತಕ ಮನೇಲೇ ಇದೆ. ಮೂರು ಸಲ ತೆಗೆದೆ. ಮೂರು ಸಲಾನೂ ಐದನೇ ಅಧ್ಯಾಯದ ಹತ್ತಿರ ಮುಚ್ಚಿಟ್ಟೆ. ಅದಕ್ಕೇ ಗುಂಪಿಗೆ ಹೇಳಿದ್ದು."

...

"ಏನಿದೆ ಅಂದ್ರೆ? ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಅಂತ ಇದೆ. ಮೊದಲನೇದು ಚಿಕ್ಕದಾದ್ರೆ ಏನರ್ಥ ಅಂತ ಇದೆ."

ತೊಕುಜಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಮೊದಲನೇದು ಚಿಕ್ಕದಾಗಿತ್ತು, ಹಿಸಾಕೊ. ನಾನೂ ಅವಳೂ ದೇಗುಲದ ಮೆಟ್ಟಿಲ ಮೇಲೆ ನಿಂತು ನೋಡಿದ್ವಿ. ಮುಗೀತು ಅಂತ ಹೇಳಿದ್ದು ನಾನು. 'ಕೆಳಗೆ ಮನೆಗೆ ಹೋಗಿ ನಿಮ್ಮ ಬಿಪಿ ಮಾತ್ರೆ ತರ್ತೀನಿ' ಅಂದಳು. ಹೋಗು ಅಂದೆ... ಇಲ್ಲ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ."

...

"ಸಮಾಧಾನ ಮಾಡೋಕೆ ಬರಬೇಡ. ಆಗ ಯಾರಿಗೂ ಗೊತ್ತಿರಲಿಲ್ಲ ಅಂತ ನೀನು ಹೇಗೆ ಹೇಳ್ತೀಯಾ? ಓದಿದ್ದೀಯಾ?... ಇಲ್ಲ ತಾನೇ? ನನಗೆ ಗೊತ್ತಿರಬೇಕಿತ್ತೋ ಇಲ್ವೋ, ಅದು ಆ ಪುಟದಲ್ಲಿದೆ. ನಿಮ್ಮಲ್ಲಿ ಯಾರಾದ್ರೂ ಗಟ್ಟಿಯಾಗಿ ಓದಿ. ನಾನು ಕೂತು ಕೇಳ್ತೀನಿ. ಅಷ್ಟೇ ನಾನು ಕೇಳಿದ್ದು. ಅದಕ್ಕೆ ನೀವು ಬೆಕ್ಕಿನ ನಿದ್ದೆ ಕೊಟ್ರಿ."

...

"ಅಳ್ತಿದ್ದೀಯಾ?... ಅಳೋದು ಬೇಡ, ಪೆನ್ನು ತಗೊಂಡು ಬಾ. ಅಲ್ಲೀವರೆಗೆ ಹಲಗೆ ಇಲ್ಲಿಂದ ಕದಲಲ್ಲ... ಬರ್ತೀಯಾ, ಇಲ್ವಾ? ಹಲೋ... ಹಿಸಾಕೊ? ಹಲೋ..."

ಆ ಕಡೆ ಫೋನ್ ಇಟ್ಟಾಗಿತ್ತು.

ಹನ್ನೆರಡೂ ಹತ್ತಕ್ಕೆ ಹಿಸಾಕೊ ಬಂದಳು. ಏಪ್ರನ್ ಬಿಚ್ಚಿರಲಿಲ್ಲ. ಹಳದಿ ಚೀಟಿಯನ್ನು ಕಿತ್ತು, ಪಟ್ಟಿಯ ಕೊನೆಯಲ್ಲಿ ಸುನಾಮಿ ಪುಸ್ತಕದ ಹೆಸರು ಬರೆದು, ಅದರ ಮುಂದೆ ಒಂದು ಸುತ್ತು ಹಾಕಿದಳು. ತೊಕುಜಿ ಎರಡನೆಯ ಸುತ್ತು ಹಾಕಿ, ಆರನೇ ಚೌಕದಲ್ಲಿ ಮೊಹರು ಒತ್ತಿದ. ಹಲಗೆ ಏಳನೇ ಮನೆಗೆ ಹೋಯಿತು.