ಗೋಪುರದ ನಲವತ್ತು ಮೆಟ್ಟಿಲು

ಚರ್ಚು ಕೆಡವಿ ಐದಂತಸ್ತಿನ ವಸತಿ ಕಟ್ಟಡ ಕಟ್ಟುವುದಕ್ಕೆ ಆಕ್ಷೇಪಣೆ ಕೊಡಲು ನಗರಸಭೆಯಲ್ಲಿ ಜನ ಸಾಲು ನಿಂತಿದ್ದರು. ಅಂಗಡಿಗೆ ಬೆಳಕು ತಪ್ಪುತ್ತದೆಂದು ದರ್ಜಿ ಕುದಿಯುತ್ತಿದ್ದ. ಅವನ ಮುಂದಿದ್ದ ಅಜ್ಜಿ, ಅಲ್ಲಿಗೆ ಬಂದ ಚರ್ಚಿನ ಗಂಟೆ ಹೊಡೆಯುವವನನ್ನು ತಡೆದಳು.

"ನೀನೂ ಸಹಿ ಹಾಕಪ್ಪ."

"ಹಾಕಲ್ಲಮ್ಮ."

"ದ್ರೋಹಿ! ನಿನ್ನ ಗಂಟೆ ಕೇಳಿಯೇ ಮೂವತ್ತು ವರ್ಷ ಒಲೆ ಹಚ್ಚಿದ್ದೀನಿ."

"ನಾವಿರೋದು ಗೋಪುರದ ಮೇಲಿನ ಕೋಣೇಲಿ. ನಲವತ್ತು ಮೆಟ್ಟಿಲು. ಮಂಡಿ ನೋವಿಗೆ ನನ್ನವಳು ಕೆಳಗಿಳಿದು ಎರಡು ವರ್ಷ ಆಯ್ತು."

"ತವರಿಗೆ ಹೋಗಿದ್ದಾಳೆ ಅಂದಿದ್ದೆಯಲ್ಲೋ!"

"ಗೊತ್ತಾದ್ರೆ ನೀವು ಮೆಟ್ಟಿಲು ಹತ್ತಿ ಬಂದುಬಿಡ್ತೀರಿ ಅಂತ ನಿಮಗೆ ಹಾಗೇ ಹೇಳು ಅಂದಿದ್ಲು. ಹೊಸ ಕಟ್ಟಡದಲ್ಲಿ ನಮಗೆ ನೆಲಮಹಡಿ ಮನೆ ಕೊಡ್ತಾರೆ."

ಅಜ್ಜಿ ಅರ್ಜಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು.

"ನಡಿ."

"ಎಲ್ಲಿಗಮ್ಮ?"

"ಅವಳ ಹತ್ರ. ಕೈ ಕೊಡು, ನನ್ನ ಮಂಡೀನೂ ಅಷ್ಟಕ್ಕಷ್ಟೇ."

ಇಬ್ಬರೂ ಹೊರಟರು. ಗುಮಾಸ್ತ ಕರೆದಾಗ ದರ್ಜಿ ತನ್ನ ಸರದಿಯನ್ನು ಹಿಂದಿನವನಿಗೆ ಬಿಟ್ಟುಕೊಟ್ಟ.