ಕತ್ತು ತಿರುಗದ ಡ್ರೈವರ್ ಮಸಾಜಿಗೆ ಹೋದದ್ದು

"ಹಲೋ… ಹಲೋ, ಯಾರು ಮಾತಾಡ್ತಿರೋದು?… ಭಾವ ಅಲ್ವಾ?… ನಾನು ಭಾವ, ನಾನು… ನಾನು ಅಂದ್ರೆ ನಾನೇ, ನಿಮ್ಮ ಹೆಂಡತಿ ತಮ್ಮ, ಡ್ರೈವರು!… ಜೋರಾಗಿ ಮಾತಾಡೋ ಹಾಗಿಲ್ಲ ಭಾವ, ಇಲ್ಲಿ ಗೋಡೆ ಮೇಲೆ 'ದಯವಿಟ್ಟು ಮೌನ' ಅಂತ ಬರೆದು ಹಾಕಿದಾರೆ… ಇಲ್ಲ, ಆಸ್ಪತ್ರೆ ಅಲ್ಲ… ಲೈಬ್ರರಿನೂ ಅಲ್ಲ. ಸ್ವಲ್ಪ ಅಕ್ಕನ್ನ ಕರೀರಿ, ಅರ್ಜೆಂಟು."

ಸಿಟಿ ಬಸ್ಸಿನ ಡ್ರೈವರ್ ಫೋನನ್ನು ಎಡಗಿವಿಗೆ ಒತ್ತಿಕೊಂಡು, ಮಸಾಜ್ ಸೆಂಟರಿನ ಮೂರನೆಯ ನಂಬರಿನ ಕೋಣೆಯಲ್ಲಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಮೂರು ವಾರದಿಂದ ಅವನ ಕತ್ತು ಎಡಕ್ಕೆ ವಾಲಿ ಹಿಡಿದುಕೊಂಡುಬಿಟ್ಟಿತ್ತು. ಬಲಕ್ಕೆ ನೋಡಬೇಕೆಂದರೆ ಇಡೀ ಮನುಷ್ಯನೇ ತಿರುಗಬೇಕು, ಬೀರು ತಿರುಗಿಸಿದ ಹಾಗೆ. ಇಪ್ಪತ್ತೆರಡು ವರ್ಷ ಒಂದು ಗೀರೂ ಇಲ್ಲದೆ ಬಸ್ಸು ಓಡಿಸಿದವನು, ಹೋದ ವಾರ ರಿವರ್ಸ್ ತೆಗೆಯಲು ಹೋಗಿ ಡಿಪೋದ ಗೇಟಿಗೇ ಗುದ್ದಿದ್ದ. ನಾಳೆ ಬೆಳಿಗ್ಗೆ ಡಿಪೋದ ಡಾಕ್ಟರು ಕತ್ತು ನೋಡುತ್ತಾರೆ. ಬಲಕ್ಕೆ ತಿರುಗಿದರೆ ಸ್ಟೀರಿಂಗು. ತಿರುಗದಿದ್ದರೆ, ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಕೊಡೆ, ಚಪ್ಪಲಿ, ಟಿಫನ್ ಡಬ್ಬಿ ಕಾಯುವ ಕೋಣೆ. ಆ ಕೋಣೆಗೆ ಹೋದ ಡ್ರೈವರು ಮತ್ತೆ ಬಸ್ಸು ಹತ್ತಿದ್ದನ್ನು ಅವನು ಕಂಡಿರಲಿಲ್ಲ. ಹಾಗಾಗಿ ಅಕ್ಕ ಮಸಾಜಿಗೆ ಹೋಗು ಎಂದ ಕೂಡಲೇ ಹಿಂದೆಮುಂದೆ ನೋಡದೆ ಬಂದುಬಿಟ್ಟಿದ್ದ. ನೋಡುವ ಸ್ಥಿತಿಯಲ್ಲೂ ಇರಲಿಲ್ಲ ಅನ್ನಿ.

"ಅಕ್ಕಾ?… ಹಾಂ, ಬಂದಿದೀನಿ, ನೀನು ಹೇಳಿದ ಜಾಗಕ್ಕೇ ಬಂದಿದೀನಿ… ಇಲ್ಲ, ಇನ್ನೂ ಶುರುವಾಗಿಲ್ಲ. ಮೊದ್ಲು ಒಂದು ಫಾರಂ ಕೊಟ್ರು… ತುಂಬಿದೆ, ತುಂಬಿದೆ. ಬೀಪಿ ಇದೆಯಾ, ಮೂಳೆ ಮುರಿದಿದೆಯಾ, ಯಾವ ಎಣ್ಣೆ ಆಗಿಬರಲ್ಲ, ಎಲ್ಲಾ ಕೇಳಿದಾರೆ. ಕೊನೇಲಿ ಒಂದು ಮನುಷ್ಯನ ಚಿತ್ರ. ನೋವಿರೋ ಕಡೆ ಗುಂಡಗೆ ಗೆರೆ ಸುತ್ತಿ ಅಂದ್ರು… ನಾನು ಇಡೀ ಮನುಷ್ಯನಿಗೇ ಸುತ್ತಿಬಿಟ್ಟೆ."

"… ಅದಲ್ಲಕ್ಕ ಈಗಿನ ಸಮಸ್ಯೆ. ಕೇಳು. ಮುಂದುಗಡೆ ಕೂತಿರೋ ಹುಡುಗಿ ಒಂದು ದೊಡ್ಡ ಟವೆಲ್ ಕೈಗೆ ಕೊಟ್ಟು, 'ನಿಮಗೆ ಎಷ್ಟು ಅನುಕೂಲನೋ ಅಷ್ಟು ಬಟ್ಟೆ ತೆಗೆದು ಮಲಗಿರಿ, ಐದು ನಿಮಿಷಕ್ಕೆ ಅವರು ಬರ್ತಾರೆ' ಅಂತ ಹೇಳಿ ಬಾಗಿಲು ಹಾಕ್ಕೊಂಡು ಹೋದ್ಲು… ಹಾಂ, ಅಷ್ಟೇ ಹೇಳಿದ್ದು. ನಂಗೆ ಎಷ್ಟು ಅನುಕೂಲ ಅಂದ್ರೆ ಏನಕ್ಕ ಅರ್ಥ? ನಂಗೆ ಸ್ವೆಟರ್ ಸಮೇತ ಅನುಕೂಲ!"

"… ನಗಬೇಡ… ಶರ್ಟು ತೆಗೀಲಾ?… ಬನಿಯನ್ನೂನಾ?… ಪ್ಯಾಂಟು?… ಅಕ್ಕಾ!… ಚಡ್ಡಿ ಇರಲಿ ಅಂತೀಯಾ? ಇರುತ್ತೆ, ಅದನ್ನ ನೀನು ಹೇಳಿಕೊಡಬೇಕಾಗಿಲ್ಲ… ಹಾಂ… ಹಾಂ… ಯಾವ ಭಾಗ ಒತ್ತುತ್ತಾರೋ ಅಷ್ಟು ಮಾತ್ರ ಟವೆಲ್ ಸರಿಸ್ತಾರೆ, ಮಿಕ್ಕಿದ್ದೆಲ್ಲಾ ಮುಚ್ಚಿರುತ್ತೆ, ಅಲ್ವಾ? ಗೊತ್ತಾಯ್ತು ಬಿಡು. ಗ್ಯಾರೇಜಲ್ಲಿ ಬಾನೆಟ್ ಒಂದನ್ನೇ ಎತ್ತಿದ ಹಾಗೆ."

ಶರ್ಟು ಸುಲಭವಾಗಿ ಬಂತು. ಬನಿಯನ್ ಮಾತ್ರ ವಾಲಿದ ಕತ್ತಿನ ಹತ್ತಿರ ಸಿಕ್ಕಿಕೊಂಡು, ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ಹಠ ಹಿಡಿಯಿತು. ಕೈ ಎರಡೂ ಮೇಲೆ, ಮುಖ ಬನಿಯನ್ನಿನ ಒಳಗೆ, ಮುಖದ ಜೊತೆಗೆ ಫೋನೂ ಒಳಗೆ.

"ಕೇಳಿಸ್ತಿದೆಯಾ?… ನಾನು ಬನಿಯನ್ ಒಳಗಿಂದ ಮಾತಾಡ್ತಿದೀನಿ… ತಡಿ, ತಡಿ… ಬಂದೆ… ಒಂದು ಕಿವಿ ಬಂತು… ಹಾಂ, ಹೊರಗೆ ಬಂದೆ."

"ಈಗ ಮಂಚದ ವಿಷಯ. ಒಂದು ತುದೀಲಿ ತೂತಿದೆ ಅಕ್ಕ… ತೂತು! ಊಟದ ತಟ್ಟೆ ಅಗಲ ಇದೆ… ಇಲ್ಲ, ಹರಿದಿಲ್ಲ, ಬೇಕು ಅಂತಲೇ ಮಾಡಿಸಿದಾರೆ, ಸುತ್ತಲೂ ಮೆತ್ತೆ ಹೊಲಿದಿದಾರೆ. ನಾನು ಅದರ ಮೇಲೆ ಕೂತು ನೋಡಿದೆ, ಸರಿಬರಲಿಲ್ಲ… ಮುಖನಾ?… ಅದರಲ್ಲಿ ಮುಖ ಇಡೋದಾ?… ಅಯ್ಯಯ್ಯೋ, ಈಗ ತಾನೇ ಹೇಳಿದೆನಲ್ಲ ಕೂತಿದ್ದೆ ಅಂತ!… ಒರೆಸ್ತೀನಿ, ಒರೆಸ್ತೀನಿ, ಸುಮ್ನಿರು."

ಅವನು ಟವೆಲ್ಲಿನ ತುದಿಯಿಂದ ಮೆತ್ತೆಯನ್ನು ಎರಡು ಸಲ ಒರೆಸಿ, ಬೋರಲು ಮಲಗಿ, ಮುಖವನ್ನು ತೂತಿಗೆ ಇಳಿಬಿಟ್ಟ. ಫೋನಿಗೆ ಸಣ್ಣಗೆ ಸ್ಪೀಕರ್ ಹಾಕಿ, ತನ್ನ ಮೂಗಿನ ನೇರಕ್ಕೆ ನೆಲದ ಮೇಲೆ ಇಟ್ಟುಕೊಂಡ. ಅಲ್ಲಿಂದ ಕಾಣುತ್ತಿದ್ದದ್ದು ಒಂದು ಚೌಕ ನೆಲ, ಫೋನು, ಯಾರದೋ ತಲೆಯಿಂದ ಬಿದ್ದ ಒಂದು ಕ್ಲಿಪ್ಪು. ಬಾವಿಗೆ ಬಗ್ಗಿ ಮಾತಾಡುವವನ ದನಿಯಲ್ಲಿ ಅವನು ಹೇಳಿದ:

"ಲೈನ್ ಕಟ್ ಮಾಡಬೇಡ ಅಕ್ಕ. ಏನಾದ್ರೂ ಆದ್ರೆ ನಾನು ಯಾರನ್ನ ಕೂಗೋದು?… ಏನಾಗುತ್ತೆ ಅಂದ್ರೆ? ಕತ್ತು ಹಿಡಿದು ಲಟಕ್ ಅನ್ನಿಸಿಬಿಟ್ರೆ?… ಹಾಗೆಲ್ಲಾ ಮಾಡಲ್ವಾ?… ನೀನು ಎರಡು ಸಲ ಮಾಡಿಸ್ಕೊಂಡಿದೀಯಾ, ನಿನಗೆ ಧೈರ್ಯ. ನಂಗೆ ಮೊದಲ— ಶ್! ಬಾಗಿಲು ತಟ್ತಿದಾರೆ."

"… ಬನ್ನಿ ಸಾರ್!… ಅಕ್ಕಾ, ಕಾಲು ಬಂತು… ಎರಡು. ಕಾಲುಚೀಲ ಹಾಕಿದೆ. ಹೆಬ್ಬೆರಳ ಹತ್ತಿರ ತೇಪೆ. ಅಲ್ಲಕ್ಕ, ಇಷ್ಟು ಸಣ್ಣ ಕಾಲು… ಇದರ ಮೇಲೆ ಎಂಥಾ ಮನುಷ್ಯ ನಿಂತಿರ್ತಾನೆ? ನಾನು ಪೈಲ್ವಾನ ಬರ್ತಾನೆ ಅಂತ ಉಸಿರು ಬಿಗಿ ಹಿಡಿದಿದ್ದೆ!"

ಆ ಕಾಲುಗಳ ಮೇಲೆ ನಿಂತಿದ್ದವರು ಅರವತ್ತರ ಹತ್ತಿರದ ಒಬ್ಬ ತೆಳ್ಳಗಿನ ಮನುಷ್ಯ. ಈ ಕಸುಬು ಕಲಿಯುವ ಮೊದಲು ಮೂವತ್ತು ವರ್ಷ ಬೇಕರಿಯಲ್ಲಿ ಬ್ರೆಡ್ಡಿನ ಹಿಟ್ಟು ನಾದಿದವರು. ಸಾಮಾನ್ಯವಾಗಿ ಫೋನು ಆರಿಸಬೇಕಾಗುತ್ತದೆ ಎಂದು ಅವರು ಮೆಲ್ಲಗೆ ಹೇಳಿದಾಗ ತೂತಿನೊಳಗಿಂದ ಉತ್ತರ ಬಂತು: "ನಮ್ಮಕ್ಕ ಸಾರ್. ಧೈರ್ಯಕ್ಕೆ." ಮಸಾಜಿನವರು ಬಗ್ಗಿ ನೋಡಿ ನಕ್ಕರು. ಮೊದಲ ಸಲ ಬರುವವರು ಬಾಗಿಲ ತನಕ ಯಾರನ್ನಾದರೂ ಕರೆತರುವುದು ಉಂಟು, ನೀವು ಮಂಚದ ಕೆಳಗೆ ಕೂರಿಸಿಕೊಂಡಿದ್ದೀರಿ, ಇರಲಿ ಬಿಡಿ ಎಂದರು. ಆಮೇಲೆ ಎಣ್ಣೆ ಕೈಗೆ ಹಚ್ಚಿಕೊಳ್ಳುತ್ತಾ, ಒಂದರಿಂದ ಹತ್ತರೊಳಗೆ ಎಷ್ಟು ಒತ್ತಲಿ ಎಂದು ಕೇಳಿದರು.

"ಹತ್ತು ಸಾರ್!… ಯಾಕಕ್ಕ, ಏನು ತಪ್ಪಾಯ್ತು?… ಇಪ್ಪತ್ತೆರಡು ವರ್ಷ ಬಸ್ಸಿನ ಸ್ಟೀರಿಂಗ್ ಎಳೆದ ಭುಜ ಇದು. ನಾಲ್ಕು, ಐದು ಅಂದ್ರೆ ನನ್ನ ಮರ್ಯಾದೆ ಏನಾಗ— ಅಮ್ಮಾ!"

"… ಇಲ್ಲ ಸಾರ್, ಏನಿಲ್ಲ ಸಾರ್. ಅಮ್ಮನ ನೆನಪಾಯ್ತು ಅಷ್ಟೇ… ನಾಲ್ಕು ಸಾರ್. ನಾಲ್ಕು ಸಾಕು… ಮೂರೂವರೆ ಇದ್ರೆ ನೋಡಿ."

ನೋವಾದರೆ ಆಗಲೇ ಹೇಳಿಬಿಡಿ, ಹಲ್ಲು ಕಚ್ಚಿ ತಡೆದುಕೊಂಡರೆ ಬೆನ್ನೂ ಹಲ್ಲು ಕಚ್ಚುತ್ತದೆ ಎಂದರು ಮಸಾಜಿನವರು. ಉಸಿರು ಬಿಡಿ ಎಂದರು. ಅವರ ಹೆಬ್ಬೆರಳು ಬೆನ್ನೆಲುಬಿನ ಪಕ್ಕದಲ್ಲೇ ಮೇಲೆ ನಡೆದುಬಂದು, ಕತ್ತಿನ ಬುಡದಲ್ಲಿ ಗಕ್ಕನೆ ನಿಂತಿತು. ಇಲ್ಲೊಂದು ಗಂಟಿದೆ, ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ಕೇಳಿದರು. ಮಂಚದ ಮೇಲೆ ಸಾರ್ ಎಂದ ಡ್ರೈವರ್. ಮಸಾಜಿನವರು ನಿಟ್ಟುಸಿರುಬಿಟ್ಟರು.

"ಹಿಟ್ಟಿಗೂ ಬೆನ್ನಿಗೂ ಸುಳ್ಳು ಹೇಳಕ್ಕೆ ಬರಲ್ಲ ಸ್ವಾಮಿ."

ನೆಲದ ಮೇಲಿಂದ ಅಕ್ಕನೂ ಅದೇ ಪ್ರಶ್ನೆ ಶುರುಮಾಡಿದಳು. ಮೇಲಿಂದ ಮೊಣಕೈ, ಕೆಳಗಿಂದ ಅಕ್ಕ. ನಡುವೆ ಸಿಕ್ಕವನು ಎಷ್ಟು ಹೊತ್ತು ತಡೆದಾನು?

"ಸೋಫಾ ಮೇಲೆ… ಹಾಲ್‌ನಲ್ಲಿರೋ ಸೋಫಾ ಮೇಲೆ ಅಕ್ಕ… ಮೂರು ವಾರದಿಂದ. ನಾನು ಐದಡಿ ಒಂಬತ್ತು, ಅದು ನಾಲ್ಕೂವರೆ. ಕೈ ಇಟ್ಕೊಳ್ಳೋ ಜಾಗದಲ್ಲಿ ಕತ್ತು, ಆ ಕಡೆ ಕುರ್ಚಿ ಮೇಲೆ ಕಾಲು… ಇಲ್ಲ, ನನ್ನ ಹೆಂಡತಿ ಏನೂ ಹೋಗು ಅನ್ನಲಿಲ್ಲ. ನಾನೇ ದಿಂಬು ಎತ್ಕೊಂಡು ಬಂದೆ… ಗೊರಕೆ ವಿಷಯಕ್ಕೆ. ನಾನು ಗೊರಕೆ ಹೊಡೀತೀನಂತೆ!"

"… ಅಷ್ಟೇ ಅಲ್ಲ, ಫೋನಲ್ಲಿ ರೆಕಾರ್ಡ್ ಮಾಡಿ ತಿಂಡಿ ತಿನ್ನೋವಾಗ ಹಾಕಿದ್ಲು ಅಕ್ಕ. ಅದು ಗೊರಕೆನಾ? ಲಾರಿ ಅದು! ಆರು ಗಾಲಿ ಲಾರಿ, ಲೋಡು ತುಂಬಿದೆ, ಏರು ಹತ್ತುತ್ತಿದೆ, ಎರಡನೇ ಗೇರು. ಇಂಜಿನ್ ಶಬ್ದ ನಂಗೆ ಗೊತ್ತಾಗಲ್ವಾ?… ಮಲಗೋ ಕೋಣೆ ಒಳಗೆ ಲಾರಿ ಹೇಗೆ ಬಂತು ಅಂದ್ರೆ… ಅದು ಬೇರೆ ಪ್ರಶ್ನೆ."

ಈಗ ಆ ಕೈಗಳು ಬಿಸಿಯಾಗಿದ್ದವು. ಗಂಟಿನ ಸುತ್ತ ನಿಧಾನವಾಗಿ, ಅವಸರವೇ ಗೊತ್ತಿಲ್ಲದ ಹಾಗೆ ಸುತ್ತುತ್ತಿದ್ದವು. ಡ್ರೈವರನ ನಾಲಿಗೆಗೂ ನಿಧಾನವಾಗಿ ಬ್ರೇಕು ಬೀಳತೊಡಗಿತು.

"ಸೋಲು ಗೆಲುವು ಅಂತಲ್ಲ ಅಕ್ಕ… ಹೋಗೋವಾಗ ದಿಂಬು ಎತ್ಕೊಂಡು ಜೋರಾಗಿ ಹೋದೆ… ಈಗ ಅದೇ ದಿಂಬು ಹಿಡ್ಕೊಂಡು ವಾಪಸ್ ಹೋಗೋದು ಹೇಗೆ… ದಿನಾ ಬಾಗಿಲ ತನಕ ಹೋಗ್ತೀನಿ… ನಿಲ್ತೀನಿ… ದಿಂಬು… ಬಾಗಿಲು…"

"…"

"…"

ಮಸಾಜಿನವರು ಕೈ ನಿಲ್ಲಿಸಲಿಲ್ಲ. ಆದರೆ ಕಿಟಕಿಯ ಗಾಜು ಸಣ್ಣಗೆ ನಡುಗಿದಾಗ ಒಮ್ಮೆ ತಲೆ ಎತ್ತಿ ನೋಡಿದರು. ಪಕ್ಕದ ಕೋಣೆಯಲ್ಲಿದ್ದವರು ಗೋಡೆ ತಟ್ಟಿದರು. ನೆಲದ ಮೇಲಿನ ಫೋನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ ಬಿದ್ದಿತ್ತು.

"ಹಾಂ! ಯಾರು? ಯಾವ ಸ್ಟಾಪು?… ಇಲ್ಲ ಸಾರ್, ನಿದ್ದೆ ಎಲ್ಲಿ ಬಂತು, ಸುಮ್ನೆ ಕಣ್ಣು ಮುಚ್ಚಿದ್ದೆ… ಯಾವ ಶಬ್ದ?… ಸಾರ್, ನೀವು ಹೊರಗಿನವರು, ನಿಮಗೆ ಯಾವ ಕಡೆನೂ ಇಲ್ಲ. ನಿಜ ಹೇಳಿ."

ಮಸಾಜಿನವರು ಗಂಟಿನ ಮೇಲಿಂದ ಕೈ ತೆಗೆಯದೆ ಹೇಳಿದರು: "ನಾನು ಗಾಡಿ ಓಡಿಸಿದವನಲ್ಲ. ಆದ್ರೆ ನೀವು ಆರು ಗಾಲಿ ಅಂದ್ರಲ್ಲ, ನನ್ನ ಲೆಕ್ಕಕ್ಕೆ ಹತ್ತು ಇರಬೇಕು."

ತೂತಿನೊಳಗಿನ ಮುಖ ಫೋನಿನ ಕಡೆಗೆ ಇನ್ನಷ್ಟು ಇಳಿಯಿತು.

"ಅಕ್ಕಾ… ಅದು ನಾನೇ ಕಣಕ್ಕ. ಅವಳು ಹೇಳಿದ್ದೇ ಸರಿ… ಮೂರು ವಾರ ನಾನು ಮುಖ ಕೊಟ್ಟು ಮಾತಾಡಲಿಲ್ಲ, ಅವಳು ದಿನಾ ಸೋಫಾ ಪಕ್ಕ ಕಾಫಿ ಇಟ್ಟು ಹೋಗೋಳು. ಗೇಟಿಗೆ ಗುದ್ದಿದ ದಿವಸ ಮೊದ್ಲು ಅವಳಿಗೇ ಹೇಳ್ಬೇಕು ಅನ್ನಿಸ್ತು. ಬಾಯಿ ತನಕ ಬಂತು, ಹೇಳಲಿಲ್ಲ… ಭಯ ಆಗುತ್ತೆ ಅಕ್ಕ. ಬಸ್ಸು ಕೈಬಿಟ್ರೆ ನಾನು ಯಾರು? ಇನ್ನೊಬ್ಬರ ಕೊಡೆ ಕಾಯೋನು… ಅಕ್ಕಾ?… ಯಾಕೆ, ಮಾತೇ ಇಲ್ಲ?… ಮೂಗು ಯಾಕೆ ಸೊರ್ ಅಂತಿದೆ?… ಅಕ್ಕ ಅಲ್ವಾ?… ನೀನಾ?!"

ಅವನು ಎದ್ದೇಬಿಡುತ್ತಿದ್ದ, ಮಸಾಜಿನವರ ಕೈ ಹಿಟ್ಟನ್ನು ಒತ್ತಿದಂತೆ ಅವನನ್ನು ಮಲಗಿಸಿತು.

"ಯಾವಾಗಿಂದ ಕೇಳ್ತಿದೀಯಾ?… ಲಾರಿಯಿಂದನಾ?… ಬನಿಯನ್ನಿಂದ!… ಅಕ್ಕನ ಮನೇಲಿ ನಿನಗೇನೇ ಕೆಲಸ?… ಆಮೇಲೆ ಹೇಳ್ತೀಯಾ? ಸರಿ… ಇಲ್ಲ ಕಣೇ, ಅಂದಿದ್ದನ್ನ ವಾಪಸ್ ತಗೊಳ್ಳಲ್ಲ. ನಂದೇ ತಪ್ಪು… ಇನ್ನೊಂದ್ಸಲನಾ? ಇಲ್ಲಿ ಜನ ಇದಾರೆ… ನಂದೇ ತಪ್ಪು! ಗೊರಕೆ ನಂದೇ!… ಹಾಂ, ಪಕ್ಕದ ರೂಮಿನವರಿಗೂ ಕೇಳಿಸ್ತು."

ಮಸಾಜಿನವರು ಅವನನ್ನು ಮೆಲ್ಲಗೆ ಎಬ್ಬಿಸಿ ಕೂರಿಸಿ, ಭುಜಕ್ಕೆ ಟವೆಲ್ ಹೊದಿಸಿ, ಫೋನನ್ನು ಎತ್ತಿ ಕೈಗೆ ಕೊಟ್ಟರು. ಒಂದು ಲೋಟ ನೀರು ಕುಡಿಸಿದರು. ಈಗ ಬಲಕ್ಕೆ ತಿರುಗಿ, ಜಗ್ಗಬೇಡಿ, ಎಷ್ಟು ಬಂದರೆ ಅಷ್ಟು ಎಂದರು. ಡ್ರೈವರ್ ಉಸಿರು ಬಿಟ್ಟು ತಿರುಗಿದ. ಮೈ ಇದ್ದಲ್ಲೇ ಇತ್ತು. ಕತ್ತು ಹೋಯಿತು, ಇನ್ನೂ ಸ್ವಲ್ಪ ಹೋಯಿತು, ಬಸ್ಸಿನಲ್ಲಿ ಬಲಗಡೆಯ ಕನ್ನಡಿ ಎಲ್ಲಿರುತ್ತದೋ ಅಲ್ಲಿಗೆ ಹೋಗಿ ನಿಂತಿತು.

"ಏನೇ… ಏನೇ, ಕೇಳ್ತಿದೀಯಾ? ಈ ರೂಮಲ್ಲಿ ಬಲಗಡೆ ಒಂದು ಕಿಟಕಿ ಇದೆ ಕಣೇ!… ಬರೋವಾಗ ಇರಲೇ ಇಲ್ಲ!… ಹೂಂ, ತಿರುಗ್ತು… ಪೂರ್ತಿ ಅಲ್ಲ, ಆದ್ರೆ ನಾಳೆ ಡಾಕ್ಟರಿಗೆ ಇಷ್ಟು ಸಾಕು… ನಾನೆಲ್ಲಿ ಅಳ್ತಿದೀನಿ? ಎಣ್ಣೆ ಅದು, ಕಣ್ಣಿಗೆ ಹೋಗಿದೆ."

"… ಇವರು ಹೇಳ್ತಿದಾರೆ, ಇವತ್ತು ನಾಳೆ ಮೈ ಸ್ವಲ್ಪ ನೋಯುತ್ತಂತೆ, ನೀರು ಜಾಸ್ತಿ ಕುಡೀಬೇಕಂತೆ, ಮುಂದಿನ ವಾರ ಇನ್ನೊಂದ್ಸಲ ಬರಬೇಕಂತೆ. ಸಮತಟ್ಟಾಗಿ ಮಲಗಬೇಕಂತೆ… ಹಾಂ, ಸೋಫಾ ಸುದ್ದಿಗೇ ಹೋಗಬಾರದಂತೆ. ಅದಿರಲಿ, ಈಗ ಹೇಳು, ಅಕ್ಕನ ಮನೆಗೆ ಯಾಕೆ ಹೋದೆ?… ವ್ಯಾನಲ್ಲಾ? ವ್ಯಾನ್ ಮಾಡ್ಕೊಂಡು ಹೋಗೋಷ್ಟು ಏನು ಸಾಗಿಸಿದೆ?… ಏನನ್ನ?… ಸೋಫಾನಾ?!"

"… ಕೊಟ್ಟೇಬಿಟ್ಟೆಯಾ?… ಭಾವ ಆಗಲೇ ಅದರ ಮೇಲೆ ಕಾಲು ಚಾಚಿದಾರಾ? ಅವರು ಬಿಡು, ಐದಡಿನೂ ಇಲ್ಲ, ಅವರಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿರುತ್ತೆ… ಅಲ್ಲ ಕಣೇ, ಹಾಗಾದ್ರೆ ಇವತ್ತು ನಾನೆಲ್ಲಿ ಮಲಗೋದು?"

"…"

ಆ ಕಡೆಯಿಂದ ಬಂದ ಉತ್ತರ ಚಿಕ್ಕದು. ಅದನ್ನು ಕೇಳಿ ಡ್ರೈವರನ ಕತ್ತು, ಕಿವಿ, ಕೆನ್ನೆ ಒಂದರ ಹಿಂದೊಂದು ಕೆಂಪಾದವು. ಮಸಾಜಿನವರು, ರಕ್ತ ಚೆನ್ನಾಗಿ ಓಡುತ್ತಿದೆ ಎಂದುಕೊಂಡು, ತಮ್ಮ ಕೈಗುಣಕ್ಕೆ ತಾವೇ ತಲೆದೂಗಿದರು.

"ಹಾಂ… ಹಾಂ… ಆಗಲಿ… ಈಗಲೇ ಹೊರಟೆ, ಶರ್ಟು ಹಾಕ್ಕೊಂಡು ಬಂದೆ… ಏನಂದೆ? ಒಂದು ಷರತ್ತಾ?… ಏನು ಷರತ್ತು?… ಸರಿಯಾಗಿ ಕೇಳಿಸ್ತಿಲ್ಲ ಕಣೇ, ಇನ್ನೊಂದ್ಸಲ ಹೇಳು… ಮೂಗಿಗೆ ಏನು ಹಾಕ್ಕೋಬೇಕು?… ಹಲೋ?… ಬಟ್ಟೆ ಒಣಗಿಸೋ ಕ್ಲಿಪ್ಪಾ?… ಹಲೋ? ಹಲೋ?…"