ಎಡಗೈ ಹೊಲಿಗೆ

ವಾಡಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದ ಶಿವಕಾಂತಮ್ಮನ ಕಿವಿ ಪಕ್ಕದ ಬೆಂಚಿನ ಮೇಲಿತ್ತು. ಅಲ್ಲಿ ಮೈತ್ರಿ ಎಂಬ ಹುಡುಗಿ, ಕೌದಿ ಹೊಲಿಯುವ ತನ್ನ ಸೋದರತ್ತೆ ದ್ರೌಪದಿಗೆ ಕಂಪ್ಯೂಟರಿನಲ್ಲಿ ತಾನೇ ಬಿಡಿಸಿದ ಹೊಲಿಗೆಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದಳು.

“ದಾರ ಎಲ್ಲದ?”

“ದಾರ ಇಲ್ಲತ್ತಿ. ಗೆರಿ ತುಂಡು ತುಂಡು ಮಾಡಿ, ಬುಡಕ್ಕ ನೆರಳ ಹಾಕೀನಿ.”

“ಮತ್ತ ಹೊಲಿಗಿ ಯಾಕ ಎಡಕ್ಕ ವಾಲ್ಯಾವ?”

“ಖರೇ ಕಾಣ್ಲಿ ಅಂತ.”

“ನಮ್ಮೂರು ಭಂಕೂರದಾಗ ಎಡಗೈಲೆ ಹೊಲಿಯಾಕಿ ನಾ ಒಬ್ಬಾಕಿನೇ. ನೀ ಯಾವಾಗಿಂದ ಎಡಗೈಯಾಕಿ ಆದಿ?”

ಹುಡುಗಿಯ ಮೋರೆ ಇಳಿದದ್ದು ಶಿವಕಾಂತಮ್ಮನಿಗೂ ಕಂಡಿತು.

“ನಿಮ್ಮ ಕೌದಿ ಫೋಟೊ ನೋಡಿ ಬಿಡಿಸೀನಿ.”

“ಯಾರಿಗಿ ಕೊಡ್ತಿ?”

“ಚಾದರ ಕಂಪನಿಗಿ. ಬಟ್ಟಿಮ್ಯಾಲ ಛಾಪಸ್ತಾರ.”

“ಎಷ್ಟು ಚಾದರ?”

“ಬೇಕಾದಷ್ಟು.”

ರೈಲು ಬಂತು. ದ್ರೌಪದಿ ತೊಡೆಯ ಮೇಲಿದ್ದ ಕೌದಿಯನ್ನು ಸೆರಗಿನಡಿ ಮುಚ್ಚಿಕೊಂಡು, ಮೈತ್ರಿ ಹತ್ತಿದ ಬೋಗಿ ಬಿಟ್ಟು ಮುಂದಿನದಕ್ಕೆ ನಡೆದಳು.